ಥೈರಾಯ್ಡ್ ಮಾತ್ರೆ ನಡೀತಿದೆ, ಸುಸ್ತು ಮಾತ್ರ ಹೋಗ್ತಿಲ್ಲ: ಡೋಸ್ ಏರಿಸಬೇಕಾ?

ಪ್ರಶ್ನೆ, ವಿಜಯನಗರದಿಂದ
ವಯಸ್ಸು 42. ಕಳೆದ ವರ್ಷದಿಂದ ಥೈರಾಕ್ಸಿನ್ 75 ಮೈಕ್ರೋಗ್ರಾಂ. ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಷ್ಟೂ ರಕ್ತದಲ್ಲಿ ಏರೋ ಹಾರ್ಮೋನ್) ಮೊದಲು 2.9 ಇತ್ತು, ಈಗ 5.6. ಎದ್ದ ತಕ್ಷಣ ಮಾತ್ರೆ, ಹತ್ತು ನಿಮಿಷಕ್ಕೆ ಕಾಫಿ, ತಿಂಡಿ ಮುಗಿದ ಕೂಡಲೇ ಐರನ್ ಮತ್ತು ಕ್ಯಾಲ್ಸಿಯಂ. ಕೂದಲು ಉದುರುತ್ತೆ ಅಂತ ಬಯೋಟಿನ್ ಕೂಡ ಇದೆ. ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತೆ. ವೈಟ್‌ಫೀಲ್ಡ್‌ನಿಂದ ಮೆಟ್ರೋದಲ್ಲಿ ಮನೆ ಸೇರೋ ಹೊತ್ತಿಗೆ ಒಲೆ ಮುಂದೆ ನಿಲ್ಲೋಕೂ ಆಗಲ್ಲ. ಡೋಸ್ 100ಕ್ಕೆ ಏರಿಸಿ ಅಂತ ಡಾಕ್ಟರನ್ನ ಕೇಳಲಾ?

ಫಾರ್ಮಸಿಸ್ಟ್, ಗಾಂಧಿಬಜಾರ್
ಮೇಡಂ, ಡೋಸ್ ವಿಚಾರಕ್ಕೆ ಹೋಗೋ ಮುಂಚೆ ಈಗಿನ 75 ಪೂರ್ತಿ ಒಳಗೆ ಸೇರ್ತಿದೆಯಾ ನೋಡಿ. ನೀವು ಬರೆದಿರೋದನ್ನ ನೋಡಿದರೆ ಇಲ್ಲ. ಥೈರಾಕ್ಸಿನ್ ರಕ್ತಕ್ಕೆ ಸೇರೋದು ಸಣ್ಣ ಕರುಳಿನಲ್ಲಿ. ಖಾಲಿ ಹೊಟ್ಟೆಯಲ್ಲೂ ನೂರಕ್ಕೆ ನೂರು ಸೇರಲ್ಲ. ಅದರ ಮೇಲೆ ಕಾಫಿ ಬಿದ್ದರೆ ಇನ್ನೂ ಕಡಿಮೆ. ಐರನ್, ಕ್ಯಾಲ್ಸಿಯಂ ಅಂತೂ ಮಾತ್ರೆಗೆ ಅಂಟಿಕೊಂಡು ಅದನ್ನ ಹಾಗೇ ಹೊರಗೆ ಸಾಗಿಸುತ್ತವೆ.

ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ, ಒಂದು ಗಂಟೆ ಆದಮೇಲೆ ಕಾಫಿ, ತಿಂಡಿ. ಅರ್ಧ ಗಂಟೆಗಿಂತ ಕಡಿಮೆ ಬೇಡವೇ ಬೇಡ. ಐರನ್, ಕ್ಯಾಲ್ಸಿಯಂ ಎರಡಕ್ಕೂ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ಅಂತರ ಬೇಕು, ಅವೆರಡನ್ನೂ ಒಟ್ಟಿಗೆ ನುಂಗಬಾರದು. ಐರನ್ ಹನ್ನೊಂದೂವರೆ ಸುಮಾರಿಗೆ ನಿಂಬೆಹಣ್ಣಿನ ನೀರಿನ ಜೊತೆ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ ಇಟ್ಟುಕೊಳ್ಳಿ. ಮಲ್ಟಿವಿಟಮಿನ್ ಮಾತ್ರೆಯಲ್ಲೂ ಇವೆರಡು ಇರುತ್ತವೆ, ಡಬ್ಬಿ ತಿರುಗಿಸಿ ಓದಿ. ಆಸಿಡಿಟಿಗೆ ದಿನಾ ಪ್ಯಾಂಟೊಪ್ರಜೋಲ್ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಹೊಟ್ಟೆಯ ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಸರಿಯಾಗಿ ಕರಗಲ್ಲ.

ರಾತ್ರಿ ಮಲಗುವಾಗ ತಗೊಳ್ಳೋ ದಾರಿಯೂ ಇದೆ, ಆದರೆ ಊಟ ಮುಗಿದು ಮೂರು ಗಂಟೆ ಆಗಿರಬೇಕು. ಒಂಬತ್ತೂವರೆಗೆ ಊಟ, ಹನ್ನೊಂದಕ್ಕೆ ನಿದ್ದೆ ಅನ್ನೋ ಮನೆಗಳಿಗೆ ಅದು ಹೊಂದಲ್ಲ. ಮಾತ್ರೆಯ ಕಂಪನಿಯನ್ನ ಪದೇ ಪದೇ ಬದಲಿಸಬೇಡಿ, ಬದಲಿಸಲೇಬೇಕಾದರೆ ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಬಾಟಲಿಯನ್ನ ಒಲೆ ಮೇಲಿನ ಶೆಲ್ಫಿನಲ್ಲಿ ಇಡಬೇಡಿ, ಬಿಸಿ ಮತ್ತು ತೇವಕ್ಕೆ ಈ ಮಾತ್ರೆಯ ಸತ್ವ ಬೇಗ ಇಳಿಯುತ್ತೆ.

ಲ್ಯಾಬ್ ಟೆಕ್ನಿಷಿಯನ್, ರಾಜಾಜಿನಗರ
ಆ 2.9 ರಿಪೋರ್ಟ್ ಬಂದಾಗ ಬಯೋಟಿನ್ ನಡೀತಿತ್ತಾ? ಹಾಗಿದ್ದರೆ ಆ ಅಂಕಿಯನ್ನ ನಂಬೋ ಹಾಗಿಲ್ಲ. ಕೂದಲಿನ ಮಾತ್ರೆಗಳಲ್ಲಿ ಬಯೋಟಿನ್ ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ ಇರುತ್ತೆ. ಹಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಿದೆ, ರಕ್ತದಲ್ಲೂ ಅದು ತುಂಬಿದ್ದರೆ ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿ ಓಡಾಡೋ ಥೈರಾಕ್ಸಿನ್) ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ರಕ್ತ ಕೊಡೋ ಮುಂಚೆ ಕನಿಷ್ಠ ಎರಡು ದಿನ ನಿಲ್ಲಿಸಿ.

ಪ್ರತಿ ಸಲ ಒಂದೇ ಲ್ಯಾಬ್, ಒಂದೇ ಹೊತ್ತು. ಟಿಎಸ್‌ಎಚ್ ಬೆಳಗಿನ ಜಾವ ಏರಿರುತ್ತೆ, ಮಧ್ಯಾಹ್ನ ಇಳಿಯುತ್ತೆ. ಅವತ್ತಿನ ಥೈರಾಕ್ಸಿನ್ ಮಾತ್ರೆ ರಕ್ತ ಕೊಟ್ಟ ಮೇಲೆ.

ಜನರಲ್ ಫಿಸಿಷಿಯನ್, ಮಲ್ಲೇಶ್ವರಂ
ಫಾರ್ಮಸಿಸ್ಟ್ ಹೇಳಿದ್ದನ್ನ ಮೊದಲು ಮಾಡಿ. ಅದನ್ನೂ ಮಾಡಿ ಡೋಸನ್ನೂ ಏರಿಸಿದರೆ ಇಷ್ಟು ದಿನ ಪೋಲಾಗ್ತಿದ್ದ ಔಷಧಿ, ಹೊಸದಾಗಿ ಸೇರಿದ್ದು ಎರಡೂ ಒಟ್ಟಿಗೆ ಮೈಗೆ ಹತ್ತುತ್ತವೆ. ಎದೆ ಡವಗುಟ್ಟೋದು, ಕೈ ನಡುಕ, ನಿದ್ದೆಗೇಡು ಶುರುವಾಗುತ್ತೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತೆ, ಹೃದಯದ ಬಡಿತ ತಪ್ಪುತ್ತೆ. ಈ ಔಷಧಿ ಅರ್ಧ ಇಳಿಯೋಕೆ ಸುಮಾರು ಏಳು ದಿನ ಬೇಕು, ಹಾಗಾಗಿ ಯಾವ ಬದಲಾವಣೆಯ ಫಲವೂ ಆರರಿಂದ ಎಂಟು ವಾರದ ಮುಂಚೆ ರಿಪೋರ್ಟಿನಲ್ಲಿ ಕಾಣಲ್ಲ. ಮೈಗೆ ಹಗುರ ಅನ್ನಿಸೋಕೆ ಇನ್ನೂ ಕೆಲವು ವಾರ ಹಿಡಿಯಬಹುದು. ನಿಮ್ಮ ಡಾಕ್ಟರಿಗೆ ಈಗಲೇ ತಿಳಿಸಿ, ಎಂಟು ವಾರಕ್ಕೆ ಟಿಎಸ್‌ಎಚ್ ಜೊತೆ ಫ್ರೀ ಟಿ4 ನೋಡಿಸಿ, ಡೋಸ್ ಮಾತು ಆಮೇಲೆ.

ಟಿಎಸ್‌ಎಚ್ ಸರಿಹೋದ ಮೇಲೂ ಸುಸ್ತು ಇದ್ದರೆ ಕಾರಣ ಬೇರೆ ಕಡೆ ಇರುತ್ತೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ನಾನು ಮೊದಲು ಕೇಳೋದು ಫೆರಿಟಿನ್. ಹಿಮೋಗ್ಲೋಬಿನ್ 12 ಇದೆ ಅಂತ ಸಮಾಧಾನಪಟ್ಟುಕೊಳ್ಳೋ ಹಾಗಿಲ್ಲ, ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ಬರಿದಾಗಿದೆ ಅಂತಲೇ ಲೆಕ್ಕ. ಜ್ವರ ಇದ್ದಾಗ ಈ ಪರೀಕ್ಷೆ ಬೇಡ, ಸುಳ್ಳೇ ಜಾಸ್ತಿ ತೋರಿಸುತ್ತೆ. ಮುಟ್ಟಿನಲ್ಲಿ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗಿ ಬಂದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಥೈರಾಯ್ಡ್ ಕಡಿಮೆ ಇದ್ದರೆ ಸ್ರಾವ ಹೆಚ್ಚುತ್ತೆ, ಸ್ರಾವ ಹೆಚ್ಚಿದರೆ ಕಬ್ಬಿಣ ಇಳಿಯುತ್ತೆ.

ಬಿ12 ಕೂಡ ನೋಡಿಸಿ. ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಇದು ಇಳಿಯೋದು ಸಾಮಾನ್ಯ. ವಿಟಮಿನ್ ಡಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ಒಟ್ಟಿಗೇ ಆಗಲಿ. ಗೊರಕೆ ಜೋರಾಗಿದೆಯಾ, ಮಧ್ಯೆ ಮಧ್ಯೆ ಉಸಿರು ನಿಲ್ಲುತ್ತಾ ಅಂತ ಮನೆಯವರನ್ನ ಕೇಳಿ. ಹೌದು ಅಂದರೆ ನಿದ್ದೆಯ ಪರೀಕ್ಷೆ ಬೇಕು. ಎರಡು ವಾರ ಮೀರಿ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಒಂದು ಎಚ್ಚರಿಕೆ. ಸುಸ್ತಿನ ಜೊತೆ ತೂಕ ಇಳಿಯೋದು, ಎದ್ದು ನಿಂತರೆ ತಲೆಸುತ್ತು, ಉಪ್ಪಿನ ಮೇಲೆ ಆಸೆ, ಅಂಗೈ ಗೆರೆ ಮತ್ತು ವಸಡು ಕಪ್ಪಾಗೋದು ಕಂಡರೆ ಆವತ್ತೇ ಡಾಕ್ಟರನ್ನ ನೋಡಿ. ಅದು ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಯ ತೊಂದರೆ ಇರಬಹುದು, ಅದನ್ನ ಗುರುತಿಸದೆ ಥೈರಾಕ್ಸಿನ್ ಏರಿಸೋದು ಅಪಾಯ.

ಡಯಟಿಷಿಯನ್, ಜಯನಗರ
ರಾಗಿ ಗಂಜಿ ಬಗ್ಗೆ ಯಾರೂ ಹೇಳಲಿಲ್ಲ. ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ನಾರೂ ಇದೆ. ಮಾತ್ರೆ ಹಿಂದೆಯೇ ಗಂಜಿ ಕುಡಿಯೋದು ಬೇಡ, ಸಂಜೆಗೆ ಇಟ್ಟುಕೊಳ್ಳಿ. ಸೋಯಾ, ಇಸಬ್ಗೋಲ್‌ಗೂ ಇದೇ ಮಾತು. ಎಲೆಕೋಸು, ಹೂಕೋಸು ಬೇಯಿಸಿ ತಿನ್ನೋಕೆ ಹೆದರಬೇಕಿಲ್ಲ. ಮೂರು ಗಂಟೆಯ ತೂಕಡಿಕೆಗೆ ಡಬ್ಬಿಯಲ್ಲಿ ಅನ್ನ ಅರ್ಧ ಮಾಡಿ, ಉಸಲಿ, ಮೊಸರು ಅಥವಾ ಮೊಟ್ಟೆ ಸೇರಿಸಿ. ಊಟದ ಹಿಂದೆಯೇ ಟೀ ಬೇಡ, ಊಟದ ಕಬ್ಬಿಣ ಮೈಗೆ ಹತ್ತಲ್ಲ.

ಫಿಸಿಯೋಥೆರಪಿಸ್ಟ್, ಬನಶಂಕರಿ
ಥೈರಾಯ್ಡ್ ಕಡಿಮೆ ಇದ್ದಾಗ ತೊಡೆ, ತೋಳಿನ ಸ್ನಾಯು ಸೋತಿರುತ್ತವೆ, ರಿಪೋರ್ಟ್ ಸರಿಹೋದ ಮೇಲೂ ಅವು ನಿಧಾನವಾಗೇ ಚೇತರಿಸಿಕೊಳ್ಳೋದು. ಸಮತಟ್ಟು ದಾರಿಯಲ್ಲಿ ಹತ್ತು ನಿಮಿಷ ನಡೆಯೋದರಿಂದ ಶುರುಮಾಡಿ, ವಾರಕ್ಕೆ ಐದು ನಿಮಿಷ ಸೇರಿಸಿ. ಮರುದಿನ ಹಾಸಿಗೆ ಬಿಟ್ಟು ಏಳೋಕೆ ಆಗದಿದ್ದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ರಜೆ ದಿನ ಇಡೀ ವಾರದ ಮನೆಗೆಲಸ ಒಂದೇ ಸಲ ಎಳೆದುಹಾಕಬೇಡಿ.

ವಿಜಯನಗರ
ತುಂಬಾ ಉಪಕಾರ ಆಯ್ತು. ಒಂದು ದಿನ ಮಾತ್ರೆ ಮರೆತರೆ?

ಫಾರ್ಮಸಿಸ್ಟ್, ಗಾಂಧಿಬಜಾರ್
ಅವತ್ತೇ ನೆನಪಾದರೆ ಊಟವಾಗಿ ಮೂರು ಗಂಟೆ ಬಿಟ್ಟು ತಗೊಳ್ಳಿ. ಮರುದಿನ ನೆನಪಾದರೆ ಅವತ್ತಿನದಷ್ಟೇ ಸಾಕು, ಡಾಕ್ಟರ್ ಹೇಳದೆ ಎರಡು ನುಂಗಬೇಡಿ.