ಮಸೂದೆಗೆ ನಮ್ಮ ಸಂಸದರು ಯಾವ ಮತ ಹಾಕಿದರೆಂದು ತಿಳಿಯುವುದು ಹೇಗೆ?

ತಿಳಿಗೊಳ (ಪ್ರಶ್ನೆ):

ಲೋಕಸಭೆಯಲ್ಲಿ ಅಂಗೀಕಾರವಾದ ಒಂದು ಮಸೂದೆಗೆ ನಮ್ಮ ಕ್ಷೇತ್ರದ ಸಂಸದರು ಪರವಾಗಿ ಮತ ಹಾಕಿದರೋ ವಿರುದ್ಧವಾಗಿಯೋ ಎಂದು ತಿಳಿಯಲು ಎರಡು ಸಂಜೆ ಕಳೆದೆ. ಸಂಸತ್ತಿನ ಜಾಲತಾಣದಲ್ಲಿ ಅವರ ಹಾಜರಿ, ಅವರು ಕೇಳಿದ ಪ್ರಶ್ನೆಗಳು, ಆ ಮಸೂದೆಯ ಮೇಲೆ ಅವರು ಮಾಡಿದ ಭಾಷಣ, ಎಲ್ಲವೂ ಸಿಕ್ಕವು. ಮತ ಮಾತ್ರ ಸಿಗಲಿಲ್ಲ. ಆ ದಿನದ ಕಲಾಪದ ವರದಿಯಲ್ಲಿ ಚರ್ಚೆ ಮುಗಿಯುವ ಪುಟಕ್ಕೆ ಹೋದರೆ, ಪ್ರಸ್ತಾವ ಅಂಗೀಕೃತವಾಯಿತು ಎಂಬ ಒಂದೇ ಸಾಲು ಇದೆ. ಭಾಷಣದಲ್ಲಿ ಅವರು ಮಸೂದೆಯ ಒಂದು ಖಂಡವನ್ನು (ಕಲಮನ್ನು) ಸಾಕಷ್ಟು ಖಾರವಾಗಿಯೇ ಟೀಕಿಸಿದ್ದರು, ಕುತೂಹಲ ಹುಟ್ಟಿದ್ದೇ ಅದರಿಂದ. ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇನೆಯೇ, ಅಥವಾ ಅಂಥ ದಾಖಲೆಯೇ ಇರುವುದಿಲ್ಲವೇ? ಆಡಳಿತ ಪಕ್ಷದ ಸದಸ್ಯರೊಬ್ಬರು ಮನಸ್ಸಿಗೆ ಸರಿಕಂಡಂತೆ ಮತ ಹಾಕಲು ಅವಕಾಶವಿದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಕಡತಪ್ರೇಮಿ:

ನೀವು ಹುಡುಕಿದ ಜಾಗ ಸರಿಯಾಗಿಯೇ ಇದೆ. ಅಲ್ಲಿ ಹೆಸರುಗಳಿಲ್ಲದಿರುವುದಕ್ಕೆ ಕಾರಣ ಮತವೆಣಿಕೆಯೇ ನಡೆದಿಲ್ಲದಿರುವುದು. ಸಂವಿಧಾನದ 100ನೇ ವಿಧಿಯ ಪ್ರಕಾರ ಹಾಜರಿದ್ದು ಮತ ನೀಡುವವರ ಬಹುಮತವೇ ಸದನದ ತೀರ್ಮಾನ. ಆದರೆ ಆ ಬಹುಮತವನ್ನು ಪ್ರತಿ ಸಲವೂ ಎಣಿಸಲೇಬೇಕೆಂದಿಲ್ಲ. ಸ್ಪೀಕರ್ ಪ್ರಸ್ತಾವವನ್ನು ಓದಿ, ಪರವಾಗಿರುವವರು ಹೌದೆನ್ನಲಿ, ವಿರೋಧಿಸುವವರು ಇಲ್ಲವೆನ್ನಲಿ ಎಂದು ಕೇಳುತ್ತಾರೆ; ಯಾವ ದನಿ ಹೆಚ್ಚೆಂದು ಅವರಿಗೆ ಅನಿಸಿತೋ ಅದನ್ನು ಘೋಷಿಸುತ್ತಾರೆ. ಇದು ಧ್ವನಿಮತ. ಬಹುಪಾಲು ಮಸೂದೆಗಳು ದಾಟುವುದು ಇದೇ ದಾರಿಯಲ್ಲಿ. 2021ರ ನವೆಂಬರ್ 29ರಂದು ಮೂರು ಕೃಷಿ ಕಾಯ್ದೆಗಳನ್ನು ರದ್ದುಪಡಿಸಿದ ಮಸೂದೆಗೂ ಎರಡೂ ಸದನಗಳು ಒಪ್ಪಿಗೆ ಕೊಟ್ಟದ್ದು ಧ್ವನಿಮತದಿಂದಲೇ. ದೇಶವೇ ಒಂದು ವರ್ಷ ಚರ್ಚಿಸಿದ ವಿಷಯದಲ್ಲೂ ಯಾರು ಏನೆಂದರು ಎಂಬ ಪಟ್ಟಿ ಇಲ್ಲ.

ಸ್ಪೀಕರ್ ಘೋಷಣೆಯನ್ನು ಸದಸ್ಯರು ಒಪ್ಪದೆ ಮತವಿಭಜನೆ, ಅಂದರೆ ಮತಗಳ ಎಣಿಕೆ, ಬೇಕೆಂದು ಪಟ್ಟುಹಿಡಿದರೆ ಚಿತ್ರ ಬದಲಾಗುತ್ತದೆ. ಮೊಗಸಾಲೆಯನ್ನು (ಲಾಬಿಯನ್ನು) ತೆರವುಗೊಳಿಸಲು ಆದೇಶವಾಗುತ್ತದೆ, ಗಂಟೆ ಬಾರಿಸುತ್ತದೆ, ಮೂರೂವರೆ ನಿಮಿಷ ಕಳೆದ ಮೇಲೆ ಪ್ರಸ್ತಾವವನ್ನು ಮತ್ತೊಮ್ಮೆ ಓದಲಾಗುತ್ತದೆ. ಆಗಲೂ ಆಕ್ಷೇಪ ಉಳಿದರೆ ಸದಸ್ಯರು ತಮ್ಮ ಆಸನದ ಮುಂದಿನ ಗುಂಡಿ ಒತ್ತಿ ಮತ ದಾಖಲಿಸುತ್ತಾರೆ. ಯಂತ್ರ ಕೈಕೊಟ್ಟರೆ, ಅಥವಾ ಯಾರಾದರೂ ತಪ್ಪು ಗುಂಡಿ ಒತ್ತಿದರೆ ಚೀಟಿಗಳಿವೆ: ಪರ ಎನ್ನುವುದಕ್ಕೆ ಹಸಿರು, ವಿರೋಧಕ್ಕೆ ಕೆಂಪು, ತಟಸ್ಥಕ್ಕೆ ಹಳದಿ. 2024ರ ಡಿಸೆಂಬರ್ 17ರಂದು ಏಕಕಾಲದ ಚುನಾವಣೆಯ ಮಸೂದೆಯ ಮಂಡನೆಗೆ ಅನುಮತಿ ಕೋರಿದಾಗ ಪರದೆಯ ಮೇಲೆ ಮೊದಲು ಮೂಡಿದ್ದು 220–149. ಚೀಟಿಗಳೆಲ್ಲ ಸೇರಿದ ಮೇಲೆ ಅದು 269–198 ಆಯಿತು. ಟಿವಿಯಲ್ಲಿ ಕಂಡ ಸಂಖ್ಯೆಯನ್ನೇ ಅಂತಿಮವೆಂದು ನಂಬಬಾರದೆನ್ನುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮವಿದೆ. ಮತವಿಭಜನೆಯ ಬೇಡಿಕೆ ಅನಗತ್ಯವೆಂದು ಸ್ಪೀಕರ್ ಭಾವಿಸಿದರೆ, ಎರಡೂ ಕಡೆಯವರನ್ನು ನಿಂತಲ್ಲೇ ಎಣಿಸಿ ಫಲಿತಾಂಶ ಹೇಳಬಹುದು. ಆಗ ಹೆಸರುಗಳು ದಾಖಲಾಗುವುದಿಲ್ಲ ಎಂದು ಲೋಕಸಭೆಯ ಕಾರ್ಯವಿಧಾನದ ನಿಯಮ 367ರಲ್ಲೇ ಇದೆ. ಸಂವಿಧಾನ ತಿದ್ದುಪಡಿ ಮಸೂದೆಗಳ ವಿಷಯ ಬೇರೆ. ಅಲ್ಲಿ ಸದನದ ಒಟ್ಟು ಸದಸ್ಯಬಲದ ಬಹುಮತವೂ ಹಾಜರಿದ್ದು ಮತ ನೀಡಿದವರ ಮೂರನೇ ಎರಡು ಭಾಗವೂ ಬೇಕಾದ್ದರಿಂದ ಎಣಿಸದೆ ವಿಧಿಯಿಲ್ಲ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಮಂದಿ ಪರ, ಇಬ್ಬರು ವಿರುದ್ಧ ಎಂದು ಇಷ್ಟು ನಿಖರವಾಗಿ ನಮಗೆ ತಿಳಿದಿರುವುದು ಅದರಿಂದಲೇ.

ನಿಮ್ಮ ಮಸೂದೆಯ ವಿಷಯಕ್ಕೆ ಬಂದರೆ, ಕೊನೆಯ ಪುಟವೊಂದನ್ನೇ ನೋಡಿ ಬಿಡಬೇಡಿ. ಮಸೂದೆಯೊಂದಕ್ಕೆ ಸದನ ಹಲವು ಬಾರಿ ಮತ ಹಾಕುತ್ತದೆ: ಪರಿಗಣಿಸಬೇಕೆಂಬ ಪ್ರಸ್ತಾವಕ್ಕೆ, ಒಂದೊಂದು ತಿದ್ದುಪಡಿಗೆ, ಒಂದೊಂದು ಖಂಡಕ್ಕೆ, ಕಡೆಗೆ ಅಂಗೀಕಾರಕ್ಕೆ. ಕೊನೆಯದು ಧ್ವನಿಮತದಲ್ಲಿ ಮುಗಿದಿದ್ದರೂ ನಡುವಿನ ಯಾವುದಾದರೂ ತಿದ್ದುಪಡಿಗೆ ಮತವಿಭಜನೆ ನಡೆದಿರಬಹುದು.

ಚಾವಡಿ ಕಂಬ:

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪಕ್ಷದ ಚಿಹ್ನೆಯಡಿ ಗೆದ್ದ ಸಂಸದರಿಗೆ ಮನಸ್ಸಿಗೆ ಬಂದಂತೆ ಮತ ಹಾಕುವ ಸ್ವಾತಂತ್ರ್ಯ ಕಾಗದದ ಮೇಲೂ ಪೂರ್ತಿಯಾಗಿಲ್ಲ. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಬಂದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ ಕಾನೂನಿನ) ಪ್ರಕಾರ, ಮೊದಲೇ ಅನುಮತಿ ಪಡೆಯದೆ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಅಥವಾ ಮತದಿಂದ ದೂರ ಉಳಿದರೂ, ಹದಿನೈದು ದಿನದೊಳಗೆ ಪಕ್ಷ ಅದನ್ನು ಮನ್ನಿಸದಿದ್ದಲ್ಲಿ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ತೀರ್ಪು ಕೊಡಬೇಕಾದವರು ಸ್ಪೀಕರ್. ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಈ ಅನುಸೂಚಿಯನ್ನು ಎತ್ತಿಹಿಡಿಯುವಾಗ, ಇಂಥ ಕಟ್ಟಳೆ ವಿಶ್ವಾಸ ಅಥವಾ ಅವಿಶ್ವಾಸದ ಮತಕ್ಕೆ ಮತ್ತು ಪಕ್ಷ ಯಾವ ನೀತಿಯನ್ನು ಮುಂದಿಟ್ಟು ಜನರ ಬಳಿ ಹೋಯಿತೋ ಅದಕ್ಕೆ ಸೀಮಿತವಾಗಿರಲಿ ಎಂದಿತ್ತು. ಅನುಸೂಚಿಯ ಪಠ್ಯದಲ್ಲಿ ಅಂಥ ಮಿತಿಯಿಲ್ಲ. ಸಾಧಾರಣ ಮಸೂದೆಗಳಿಗೂ ಮೂರು ಗೆರೆಯ ವಿಪ್, ಅಂದರೆ ಹಾಜರಿದ್ದು ಪಕ್ಷ ಹೇಳಿದಂತೆಯೇ ಮತ ಹಾಕಬೇಕೆಂಬ ಕಟ್ಟುನಿಟ್ಟಿನ ಆದೇಶ, ಹೊರಡುತ್ತಲೇ ಇರುತ್ತದೆ. ಆದ್ದರಿಂದ ನಿಮ್ಮ ಸಂಸದರು ಭಾಷಣದಲ್ಲಿ ಟೀಕಿಸಿ ಮತದಲ್ಲಿ ಒಪ್ಪಿದ್ದರೆ ಅದನ್ನು ಕಪಟವೆಂದು ಕರೆಯಲು ನಾನು ಅವಸರಿಸುವುದಿಲ್ಲ. ಮಾತಿಗೆ ಇರುವ ಸಡಿಲ ಮತಕ್ಕೆ ಇಲ್ಲ.

ನೆರಳುಗಂಬಳಿ:

ಚಾವಡಿ ಕಂಬ ಅವರು ಹೇಳಿದ್ದು ಕಾನೂನಿನ ದೃಷ್ಟಿಯಿಂದ ಸರಿ, ಆದರೆ ವಿಪ್ ಎಂಬುದು ಸಂಸದರಿಗೆ ಅನುಕೂಲವಾದ ನೆಪವೂ ಹೌದು. ಧ್ವನಿಮತದಲ್ಲಿ ಯಾರು ಸುಮ್ಮನಿದ್ದರು, ಯಾರು ಮೆಲ್ಲಗೆ ಇಲ್ಲವೆಂದರು ಎಂದು ಯಾವ ಪಕ್ಷವೂ ಲೆಕ್ಕವಿಡಲಾರದು. ವಿರೋಧ ಪಕ್ಷದವರಿಗಂತೂ ಈ ನೆಪವೂ ಇಲ್ಲ: ಹೊರಗೆ ಬಂದು ಕ್ಯಾಮೆರಾದ ಮುಂದೆ ಮಸೂದೆಯನ್ನು ಕರಾಳವೆನ್ನುವವರು ಒಳಗೆ ಮತವಿಭಜನೆಯನ್ನೇ ಕೇಳಿರುವುದಿಲ್ಲ, ಅಥವಾ ಮತದ ಗುಂಡಿಯಿರುವ ತಮ್ಮ ಆಸನವನ್ನೇ ಬಿಟ್ಟು ಸ್ಪೀಕರ್ ಪೀಠದ ಮುಂದೆ ನಿಂತು ಕೇಳಿರುತ್ತಾರೆ. ಹಾಗಾಗಿ ಹೇಗೆ ಮತ ಹಾಕಿದಿರಿ ಎಂಬುದಕ್ಕಿಂತ, ಎಣಿಕೆ ಬೇಕೆಂದು ನೀವು ಕೇಳಿದಿರಾ ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತವೆಂದು ನನ್ನ ಅನಿಸಿಕೆ.

ತಿಳಿಗೊಳ:

ಎಲ್ಲರಿಗೂ ಧನ್ಯವಾದಗಳು. ಕಡತಪ್ರೇಮಿಯವರು ಹೇಳಿದಂತೆ ಖಂಡಗಳ ಹಂತದ ಪುಟಗಳನ್ನು ನಿನ್ನೆ ರಾತ್ರಿ ಓದಿದೆ. ವಿರೋಧ ಪಕ್ಷದ ಸದಸ್ಯರೊಬ್ಬರು ತಂದ ಒಂದು ತಿದ್ದುಪಡಿಗೆ ಮತವಿಭಜನೆ ನಡೆದಿದೆ. ಸಮಯ ಸಹಿತ ಎರಡು ಪಟ್ಟಿಗಳೂ ಇವೆ. ಆ ತಿದ್ದುಪಡಿ ಇದ್ದದ್ದು ನಮ್ಮ ಸಂಸದರು ಟೀಕಿಸಿದ್ದ ಖಂಡಕ್ಕೇ. ಅವರ ಹೆಸರು ವಿರೋಧಿಸಿದವರ ಪಟ್ಟಿಯಲ್ಲಿದೆ, ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ, ಅಡಿಯಲ್ಲಿ ಚೀಟಿಯ ಮೂಲಕ ತಿದ್ದಿಸಿಕೊಂಡದ್ದೆಂಬ ಟಿಪ್ಪಣಿ. ಅಂದರೆ ಅವರು ಮೊದಲು ಒತ್ತಿದ್ದು ಬೇರೆ ಗುಂಡಿ. ಅದು ಕೈತಪ್ಪೋ ಮನಸ್ಸೋ ಎಂದು ದಾಖಲೆ ಹೇಳುವುದಿಲ್ಲ. ಖಂಡದ ಸಂಖ್ಯೆಯನ್ನೂ ಮತವಿಭಜನೆಯ ಸಮಯವನ್ನೂ ನಮೂದಿಸಿ ಅವರಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲಿಯೇ ಹಾಕುತ್ತೇನೆ.