ಆಮ್ಸ್ಟರ್‌ಡ್ಯಾಮ್‌ಗೆ 3 ವರ್ಷದ ವರ್ಗ: ಆರೂವರೆ ಮತ್ತು 13 ವರ್ಷದ ಮಕ್ಕಳಿಗೆ ಯಾವ ಶಾಲೆ?

ಜಯನಗರ_ಫೋರ್ತ್‌ಬ್ಲಾಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಂಪನಿಯಿಂದ ಆಮ್ಸ್ಟರ್‌ಡ್ಯಾಮ್‌ಗೆ ವರ್ಗವಾಗಿದೆ, ಆಗಸ್ಟ್‌ನಲ್ಲಿ ಸಂಸಾರ ಸಮೇತ ಹೊರಡಬೇಕು. ಒಪ್ಪಂದ 3 ವರ್ಷದ್ದು. ಮಗಳು ಬೆಂಗಳೂರಿನಲ್ಲಿ ಐಸಿಎಸ್‌ಇ 8ನೇ ತರಗತಿ ಮುಗಿಸಿದ್ದಾಳೆ, ಅಕ್ಟೋಬರ್‌ಗೆ 14 ತುಂಬುತ್ತೆ. ಮಗನಿಗೆ ಆರೂವರೆ, ಒಂದನೇ ತರಗತಿ ಆಗಿದೆ. ಇಬ್ಬರಿಗೂ ಡಚ್ ಬರಲ್ಲ. ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೇನ್ ಕಡೆ ಮನೆ ನೋಡುತ್ತಿದ್ದೇವೆ. 30% ರೂಲಿಂಗ್ (ಹೊರದೇಶದಿಂದ ಬಂದ ಉದ್ಯೋಗಿಯ ಸಂಬಳದ ಒಂದು ಭಾಗಕ್ಕೆ ತೆರಿಗೆ ವಿನಾಯಿತಿ) ಸಿಗುತ್ತೆ, ಆದರೆ ಶಾಲೆ ಫೀಸ್ ಕಂಪನಿ ಕೊಡಲ್ಲ. ಇಬ್ಬರನ್ನೂ ಒಂದೇ ಶಾಲೆಗೆ ಹಾಕಬೇಕೇ? ವಾಪಸ್ ಬಂದಾಗ ಮಗಳಿಗೆ ಪಿಯುಸಿಗೆ ತೊಂದರೆ ಆಗದ ಹಾಗೆ ಏನು ಮಾಡಬೇಕು?

ಆಮ್ಸ್ಟೆಲ್_ದಂಡೆ

ಮೊದಲು ಅಲ್ಲಿನ ಶಾಲೆಗಳ ಬಗೆ ತಿಳಿದುಕೊಳ್ಳಿ. ‘ಇಂಟರ್‌ನ್ಯಾಷನಲ್’ ಅನ್ನೋ ಒಂದೇ ಬೋರ್ಡಿನ ಕೆಳಗೆ ಎರಡು ಬೇರೆ ಬೇರೆ ವ್ಯವಸ್ಥೆ ಇವೆ.

ಒಂದು ಪೂರ್ತಿ ಖಾಸಗಿ. ಆಮ್ಸ್ಟೆಲ್‌ವೇನ್‌ನಲ್ಲೇ ಇರುವ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಆಮ್ಸ್ಟರ್‌ಡ್ಯಾಮ್, ಆಮಿಟಿ (ಎರಡೂ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮ), ಊರೊಳಗಿನ ಬ್ರಿಟಿಷ್ ಸ್ಕೂಲ್ (ಇಂಗ್ಲೆಂಡ್ ಪಠ್ಯಕ್ರಮ, 10ನೇ ತರಗತಿಯ ಮಟ್ಟಕ್ಕೆ ಐಜಿಸಿಎಸ್‌ಇ, 12ರ ಮಟ್ಟಕ್ಕೆ ಎ-ಲೆವೆಲ್) ಈ ಗುಂಪಿನವು. ದೊಡ್ಡ ತರಗತಿಗಳಿಗೆ ವರ್ಷಕ್ಕೆ 20,000 ಯೂರೋ ದಾಟುವುದು ಮಾಮೂಲು. ಅರ್ಜಿ ಶುಲ್ಕ, ಪ್ರವೇಶ ಶುಲ್ಕ ಇದರ ಮೇಲೆ.

ಇನ್ನೊಂದು ಡಚ್ ಇಂಟರ್‌ನ್ಯಾಷನಲ್ ಸ್ಕೂಲ್‌ಗಳು. ಇವಕ್ಕೆ ಸರ್ಕಾರದ ಅನುದಾನ ಇರುವುದರಿಂದ ಫೀಸ್ ಖಾಸಗಿಯ ಮೂರನೇ ಒಂದು ಭಾಗದ ಆಸುಪಾಸು. ಆಮ್ಸ್ಟರ್‌ಡ್ಯಾಮ್‌ನ ಎಐಸಿಎಸ್‌ನಲ್ಲಿ ಪ್ರೈಮರಿ, ಸೆಕೆಂಡರಿ ಎರಡೂ ಇವೆ. ಹೂಫ್ಡ್‌ಡಾರ್ಪ್‌ನ ಆಪ್ಟಿಮಿಸ್ಟ್‌ನಲ್ಲಿ ಪ್ರೈಮರಿ ಇದೆ. ಇಲ್ಲಿಗೆ ಯಾರನ್ನು ಬೇಕಾದರೂ ತೆಗೆದುಕೊಳ್ಳುವಂತಿಲ್ಲ. ಮಗು ಡಚ್ ಪ್ರಜೆ ಆಗಿರದೆ, ತಂದೆ ಅಥವಾ ತಾಯಿ ಸೀಮಿತ ಅವಧಿಗೆ ಅಲ್ಲಿ ಕೆಲಸಕ್ಕೆ ಬಂದಿರಬೇಕು, ಅದಕ್ಕೆ ಉದ್ಯೋಗದಾತರ ಪತ್ರ ಬೇಕು. ಅರ್ಜಿಗಳು ತಡವಾಗುವುದು ಈ ಪತ್ರದಲ್ಲೇ. ಎಚ್‌ಆರ್‌ನವರು ಬ್ಯಾಂಕ್ ಸಾಲಕ್ಕೆ ಕೊಡುವ ಮಾಮೂಲಿ ಪತ್ರ ಕೊಡುತ್ತಾರೆ. ಅದರಲ್ಲಿ ಅವಧಿಯೇ ಇರುವುದಿಲ್ಲ, ಅಥವಾ ‘ಅನಿರ್ದಿಷ್ಟಾವಧಿ’ ಅಂತ ಇರುತ್ತದೆ. ಶಾಲೆಯ ನಮೂನೆಯನ್ನೇ ಎಚ್‌ಆರ್‌ಗೆ ಕಳಿಸಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಬರೆಸಿಕೊಳ್ಳಿ.

ಕಾಯುವವರ ಪಟ್ಟಿ ಉದ್ದ ಇರುತ್ತೆ. ಮನೆ ಸಿಗಲಿ ಅಂತ ಕಾಯಬೇಡಿ, ಪತ್ರ ಕೈಗೆ ಬಂದ ದಿನವೇ ಎರಡು ಮೂರು ಕಡೆ ಅರ್ಜಿ ಹಾಕಿ. ಯಾವ ತರಗತಿಯಲ್ಲಿ ಜಾಗ ಇದೆ ಅನ್ನೋದನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಕೇಳಿ.

ಗಣಿತದ_ಮೇಷ್ಟ್ರು

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ, ನಿಜವಾದ ಲೆಕ್ಕಾಚಾರ ಇರುವುದು ಅಲ್ಲೇ.

ಅಲ್ಲಿ ತರಗತಿ ನಿರ್ಧಾರ ಆಗುವುದು ವಯಸ್ಸಿನ ಮೇಲೆ. ಆಗಸ್ಟ್ ಕೊನೆಗೆ 13 ಇದ್ದರೆ ಸಾಮಾನ್ಯವಾಗಿ ಐಬಿಯಲ್ಲಿ 8ನೇ ಗ್ರೇಡ್, ಬ್ರಿಟಿಷ್ ಪದ್ಧತಿಯಲ್ಲಿ ಇಯರ್ 9. ಅಂದರೆ 8ನೇ ತರಗತಿ ಇನ್ನೊಮ್ಮೆ ಓದಿದ ಹಾಗೆ ಕಾಣುತ್ತೆ. ‘ಒಂದು ವರ್ಷ ಹಾಳಾಯಿತು’ ಅಂತ ಹಟ ಹಿಡಿದು 9ಕ್ಕೆ ಹಾಕಿಸಬೇಡಿ. ಎಣಿಸಿ ನೋಡಿ: 9ಕ್ಕೆ ಸೇರಿದರೆ ನಿಮ್ಮ 3 ವರ್ಷ ಮುಗಿಯುವುದು 11ರ ಕೊನೆಗೆ, 11, 12ನೇ ಗ್ರೇಡ್‌ಗಳ ಎರಡು ವರ್ಷದ ಐಬಿ ಡಿಪ್ಲೊಮಾದ ನಟ್ಟನಡುವೆ. ಅಲ್ಲಿಂದ ಎದ್ದು ಬಂದು ಇಲ್ಲಿ ನೇರವಾಗಿ 12ನೇ ತರಗತಿಗೋ ದ್ವಿತೀಯ ಪಿಯುಸಿಗೋ ಸೇರುವುದು ಬಹಳ ಕಷ್ಟ, ಎರಡು ಕಡೆಯ ಪಠ್ಯ ಹೊಂದುವುದೇ ಇಲ್ಲ. 8ಕ್ಕೆ ಸೇರಿದರೆ 8, 9, 10 ಮುಗಿದು ಸರಿಯಾಗಿ ಪ್ರಥಮ ಪಿಯುಸಿ ಬಾಗಿಲಿಗೆ ಬರುತ್ತಾಳೆ.

ಎರಡನೆಯದು, 10ರ ಕೊನೆಗೆ ಕೈಯಲ್ಲಿ ಏನಿರುತ್ತೆ ಅನ್ನೋದು. ಬ್ರಿಟಿಷ್ ಪದ್ಧತಿಯಲ್ಲಿ ಇಯರ್ 11ರ (ಐಬಿಯ 10ನೇ ಗ್ರೇಡ್‌ಗೆ ಸಮ) ಕೊನೆಗೆ ಐಜಿಸಿಎಸ್‌ಇ ಎಂಬ ಹೊರಗಿನ ಪರೀಕ್ಷೆ, ಅದರ ಅಂಕಪಟ್ಟಿ ಎಲ್ಲ ಕಾಲೇಜಿನವರಿಗೂ ಗೊತ್ತು. ಐಬಿಯ ಎಂವೈಪಿಯಲ್ಲಿ (10ನೇ ಗ್ರೇಡ್‌ವರೆಗಿನ ಹಂತ) ಇ-ಅಸೆಸ್‌ಮೆಂಟ್ ಎಂಬ ಹೊರಗಿನ ಪರೀಕ್ಷೆ ಐಚ್ಛಿಕ, ಎಷ್ಟೋ ಶಾಲೆಗಳು ಅದನ್ನು ಬರೆಸುವುದಿಲ್ಲ. ಶಾಲೆಯದೇ ರಿಪೋರ್ಟ್ ಕಾರ್ಡ್ ಹಿಡಿದುಕೊಂಡು ಬಂದರೆ ಪಿಯು ಕಾಲೇಜಿನಲ್ಲಿ ಸಮಾನತಾ ಪತ್ರಕ್ಕಾಗಿ ಅಲೆಯಬೇಕಾಗುತ್ತೆ. ಪ್ರವೇಶದ ಮಾತುಕತೆಯಲ್ಲೇ ‘10ನೇ ಗ್ರೇಡ್‌ನವರಿಗೆ ಇ-ಅಸೆಸ್‌ಮೆಂಟ್ ಬರೆಸುತ್ತೀರಾ, ಎಷ್ಟು ವಿಷಯಕ್ಕೆ?’ ಅಂತ ಇಮೇಲ್‌ನಲ್ಲಿ ಉತ್ತರ ತೆಗೆದುಕೊಳ್ಳಿ. ಐಜಿಸಿಎಸ್‌ಇಯಲ್ಲೂ ಒಂದು ತೊಡಕಿದೆ: ಮೇ-ಜೂನ್ ಪರೀಕ್ಷೆಯ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ, ಪಿಯು ತರಗತಿ ಶುರುವಾಗುವುದು ಅದಕ್ಕೂ ಮೊದಲು. ತಾತ್ಕಾಲಿಕ ಪ್ರವೇಶ ಕೊಡುವ ಕಾಲೇಜನ್ನು ಆ ವರ್ಷದ ಜನವರಿಯಲ್ಲೇ ಹುಡುಕಿಟ್ಟುಕೊಳ್ಳಿ.

ಅಲ್ಲೇ ಉಳಿದು ಐಬಿ ಡಿಪ್ಲೊಮಾ ಮಾಡಿಸುವುದಾದರೆ ವಿಷಯಗಳ ಆಯ್ಕೆ ಮುಖ್ಯ. ಅದನ್ನು ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ) 12ನೇ ತರಗತಿಗೆ ಸಮಾನ ಅಂತ ಒಪ್ಪುತ್ತದೆ. ಆದರೆ ನೀಟ್‌ಗೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಡಿಪ್ಲೊಮಾದ ಮಾಮೂಲಿ ಚೌಕಟ್ಟಿನಲ್ಲಿ ಹಿಡಿಸುವುದು ಎರಡೇ ವಿಜ್ಞಾನ. ಮೂರನೆಯದಕ್ಕೆ ಶಾಲೆ ಐಬಿಯಿಂದ ವಿಶೇಷ ಅನುಮತಿ ಪಡೆಯಬೇಕು, ಅದೂ ಕೋರ್ಸ್ ಶುರುವಾಗುವ ಮೊದಲು. ಎಂಜಿನಿಯರಿಂಗ್ ಮನಸ್ಸಿದ್ದರೆ ಗಣಿತದಲ್ಲಿ ‘ಅನಾಲಿಸಿಸ್ ಅಂಡ್ ಅಪ್ರೋಚಸ್’ ಹೈಯರ್ ಲೆವೆಲ್ ಮತ್ತು ಭೌತಶಾಸ್ತ್ರ ಹೈಯರ್ ಲೆವೆಲ್ ಕೊಡಿಸಿ. ಡೆಲ್ಫ್ಟ್‌ನಂಥ ತಾಂತ್ರಿಕ ವಿಶ್ವವಿದ್ಯಾಲಯದವರು ಕೇಳುವುದು ಅದನ್ನೇ.

ಇನ್ನೊಂದು, ಹೊರಡುವ ಮೊದಲು 1ರಿಂದ 8ರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಹಾಕಿಸಿಟ್ಟುಕೊಳ್ಳಿ. ಸಿಇಟಿಗೆ ಕರ್ನಾಟಕದಲ್ಲಿ 7 ವರ್ಷ ಓದಿದ ದಾಖಲೆ ಬೇಕು, ಜೊತೆಗೆ 10 ಅಥವಾ 12 ಇಲ್ಲೇ ಪಾಸಾಗಿರಬೇಕು. ಪಿಯುಸಿಗೆ ವಾಪಸ್ ಬಂದರೆ ಎರಡೂ ಸರಿಹೋಗುತ್ತೆ.

ಸೈಕಲ್_ಸವಾರಿ

ಮಗನನ್ನು ಡಚ್ ಶಾಲೆಗೇ ಕಳಿಸಿ ಅನ್ನುತ್ತೇನೆ. ಆರೂವರೆ ಅಂದರೆ ಗ್ರೂಪ್ 3ರ ವಯಸ್ಸು, ಅಲ್ಲಿನ ಮಕ್ಕಳು ಅಕ್ಷರ ಕಲಿಯಲು ಶುರು ಮಾಡುವುದೇ ಆಗ. ಗ್ರೂಪ್ 1, 2 ಬರೀ ಆಟ, ಹಾಡು, ಮಾತು. ನಿಮ್ಮ ಹುಡುಗ ಕನ್ನಡ, ಇಂಗ್ಲಿಷ್ ಅಕ್ಷರ ಕಲಿತೇ ಬಂದಿರುತ್ತಾನೆ. ಅವನಿಗೆ ಇಲ್ಲದಿರುವುದು ಡಚ್ ಮಾತು ಮಾತ್ರ. ಅದಕ್ಕೆ ಹೊಸದಾಗಿ ಬಂದ ಮಕ್ಕಳ ತರಗತಿ ಇದೆ, ಸುಮಾರು ಒಂದು ವರ್ಷ ಅಲ್ಲಿದ್ದು ಮಾಮೂಲಿ ತರಗತಿಗೆ ಹೋಗುತ್ತಾರೆ. ಅದು ಮನೆ ಪಕ್ಕದ ಶಾಲೆಯಲ್ಲೇ ಇರುತ್ತೆ ಅಂತಿಲ್ಲ, ನಗರಸಭೆಯಲ್ಲಿ ವಿಚಾರಿಸಿ.

ಫೀಸ್ ಇಲ್ಲ. ‘ಪೋಷಕರ ವಂತಿಗೆ’ ಅಂತ ಒಂದು ಬಿಲ್ ಬರುತ್ತೆ, ಅದು ಸ್ವಇಚ್ಛೆಯದು. ಕೊಡಲಿಲ್ಲ ಅಂತ ಮಗುವನ್ನು ಪ್ರವಾಸದಿಂದ ಹೊರಗಿಡುವಂತಿಲ್ಲ, 2021ರಿಂದ ಅದು ಕಾನೂನು. ಖರ್ಚು ಬರುವುದು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಬಿಎಸ್‌ಒಗೆ. ಇಬ್ಬರೂ ದುಡಿಯುವವರಾದರೆ ಅದಕ್ಕೆ ಸರ್ಕಾರದ ಸಹಾಯಧನ ಇದೆ.

ಎಚ್ಚರಿಕೆ ಬೇಕಾಗಿರುವುದು ನೀವು 3 ವರ್ಷ ದಾಟಿ ಉಳಿದರೆ. ಗ್ರೂಪ್ 8ರಲ್ಲಿ, ಸುಮಾರು 12ನೇ ವಯಸ್ಸಿಗೆ, ಮಗು ವಿಎಂಬಿಓ (ವೃತ್ತಿ ಶಿಕ್ಷಣದ ಕಡೆಗೆ), ಹಾವೋ (ಅನ್ವಯಿಕ ವಿಜ್ಞಾನಗಳ ಕಾಲೇಜಿನ ಕಡೆಗೆ), ವೇವೋ (ವಿಶ್ವವಿದ್ಯಾಲಯದ ಕಡೆಗೆ), ಈ ಮೂರರಲ್ಲಿ ಯಾವ ದಾರಿ ಅಂತ ಶಾಲೆ ಸಲಹೆ ಕೊಡುತ್ತೆ. ಜನವರಿಯಲ್ಲಿ ತಾತ್ಕಾಲಿಕ ಸಲಹೆ, ಫೆಬ್ರವರಿ ಹೊತ್ತಿಗೆ ಪರೀಕ್ಷೆ, ಮಾರ್ಚ್ 24ರೊಳಗೆ ಅಂತಿಮ ಸಲಹೆ. ಹಾವೋ ಮುಗಿದರೆ ಗ್ರೂಪ್ 3ರಿಂದ ಎಣಿಸಿದಾಗ 11 ವರ್ಷದ ಓದು, ವೇವೋ ಆದರೆ 12. ಭಾರತದ ಕಾಲೇಜಿಗೆ ಬರಬೇಕಾದರೆ ಈ ಒಂದು ವರ್ಷ ದೊಡ್ಡ ವ್ಯತ್ಯಾಸ. ಡಚ್ ಇನ್ನೂ ಸರಿಯಾಗಿ ಬಾರದಿರುವಾಗಲೇ ಈ ಸಲಹೆ ಬಂದುಬಿಡುತ್ತೆ, ಆದ್ದರಿಂದ 10–12ರ ವಯಸ್ಸಿನಲ್ಲಿ ಇಂಗ್ಲಿಷ್ ಶಾಲೆಯಿಂದ ಡಚ್ ಶಾಲೆಗೆ ಬದಲಿಸುವುದು ಎಲ್ಲಕ್ಕಿಂತ ಕೆಟ್ಟ ಗಳಿಗೆ. ಆರರಲ್ಲಿ ಸೇರಿಸಿ, ಇಲ್ಲವೇ ಸೇರಿಸಲೇಬೇಡಿ.

ಲೆಕ್ಕದ_ಪುಸ್ತಕ

ದುಡ್ಡಿನ ಬಗ್ಗೆ. ‘ಕಂಪನಿ ಫೀಸ್ ಕೊಡಲ್ಲ’ ಅಂದ ಮಾತ್ರಕ್ಕೆ ಕೈಬಿಡಬೇಡಿ. ಇಂಟರ್‌ನ್ಯಾಷನಲ್ ಶಾಲೆಯ ಬೋಧನಾ ಶುಲ್ಕವನ್ನು ಉದ್ಯೋಗದಾತರು 30% ರೂಲಿಂಗ್‌ನ ಜೊತೆಗೇ, ಪ್ರತ್ಯೇಕವಾಗಿ, ತೆರಿಗೆಯಿಲ್ಲದೆ ಮರುಪಾವತಿ ಮಾಡಬಹುದು. ಕಂಪನಿಗೆ ಹೆಚ್ಚುವರಿ ಖರ್ಚಾಗದ ಹಾಗೆಯೂ ಮಾಡಲು ಬರುತ್ತೆ: ನಿಮ್ಮ ಒಟ್ಟು ಸಂಬಳದಲ್ಲಿ ಅಷ್ಟನ್ನು ಕಡಿಮೆ ಮಾಡಿ, ಆ ಮೊತ್ತವನ್ನು ಶುಲ್ಕದ ಮರುಪಾವತಿಯಾಗಿ ಕೊಡುವುದು. ನೀವೇ ಫೀಸ್ ಕಟ್ಟಿ ಆಮೇಲೆ ವೈಯಕ್ತಿಕ ರಿಟರ್ನ್‌ನಲ್ಲಿ ಕಳೆಯಲು ಬರುವುದಿಲ್ಲ. ಹಾಗಾಗಿ ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಸೇರಿಸಿ.

ಎರಡು ಕಡೆ ಎಡವಟ್ಟಾಗುತ್ತೆ. ಸಂಬಳ ಇಳಿಸಿದಾಗ ಅದು 30% ರೂಲಿಂಗ್‌ನ ಕನಿಷ್ಠ ಮಿತಿಗಿಂತಲೋ ವೀಸಾದ ಕನಿಷ್ಠ ಸಂಬಳಕ್ಕಿಂತಲೋ ಕೆಳಗೆ ಹೋಗಬಾರದು. ಪಿಂಚಣಿ ಮತ್ತು 8% ರಜಾ ಭತ್ಯೆಯ ಲೆಕ್ಕವೂ ಇಳಿದ ಸಂಬಳದ ಮೇಲೆ ಬರಬಹುದು. ಹಾಗೆಯೇ 2027ರಿಂದ 30% ಅನ್ನುವುದು 27% ಆಗುತ್ತೆ, ಮೂರೂ ವರ್ಷಕ್ಕೆ ಒಂದೇ ಅಂಕಿ ಹಿಡಿದು ಬಜೆಟ್ ಮಾಡಬೇಡಿ.

ಕಾಗದಪತ್ರ: ಇಬ್ಬರ ಜನನ ಪ್ರಮಾಣಪತ್ರಕ್ಕೂ ಭಾರತದಲ್ಲೇ ಅಪೊಸ್ಟಿಲ್ (ಹೊರದೇಶದಲ್ಲಿ ಮಾನ್ಯವಾಗಲು ಹಾಕುವ ಅಧಿಕೃತ ದೃಢೀಕರಣ) ಹಾಕಿಸಿ. ಬರೀ ಕನ್ನಡದಲ್ಲಿರುವ ಹಳೆಯ ಪ್ರತಿ ಆದರೆ ಕನ್ನಡ-ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ತೆಗೆಸಿ, ಅದರ ಮೇಲೆ ಹಾಕಿಸಿ. ಇಳಿದ 5 ದಿನದೊಳಗೆ ನಗರಸಭೆಯಲ್ಲಿ ನೋಂದಣಿ ಆಗಬೇಕು, ಬಿಎಸ್‌ಎನ್ (ಅಲ್ಲಿನ ನಾಗರಿಕ ಸೇವಾ) ಸಂಖ್ಯೆ ಸಿಗುವುದು ಆಗಲೇ. ಬಾಡಿಗೆ ಕರಾರಿನಲ್ಲಿ ‘ಈ ವಿಳಾಸದಲ್ಲಿ ನೋಂದಣಿಗೆ ಅವಕಾಶವಿದೆ’ ಅಂತ ಇದೆಯೇ ನೋಡಿ. ಕೆಲವು ತಾತ್ಕಾಲಿಕ ಮನೆಗಳಲ್ಲಿ ಆ ಅವಕಾಶ ಇರಲ್ಲ. ಎರಡು ವರ್ಷದ ಅಂಕಪಟ್ಟಿ, ಟಿಸಿ, ಲಸಿಕೆ ಪುಸ್ತಕ ಕೈಚೀಲದಲ್ಲಿರಲಿ.

ಜಯನಗರ_ಫೋರ್ತ್‌ಬ್ಲಾಕ್

ಎಲ್ಲರಿಗೂ ಧನ್ಯವಾದ. ಮಗಳಿಗೆ ಇಯರ್ 9, ಮಗನಿಗೆ ಡಚ್ ಶಾಲೆ ಅಂತ ಯೋಚನೆ. ಎರಡು ಶಾಲೆ ಆದರೆ ರಜೆಗಳು ಹೊಂದುತ್ತವೆಯೇ? ಮದುವೆ, ಗೃಹಪ್ರವೇಶ ಅಂತ ಊರಿಗೆ ಬರಬೇಕಾದರೆ ನಡುವೆ ರಜೆ ಹಾಕಿಸಬಹುದೇ?

ಸೈಕಲ್_ಸವಾರಿ

ಪೂರ್ತಿ ಹೊಂದುವುದಿಲ್ಲ. ಡಚ್ ಪ್ರೈಮರಿ ಶಾಲೆಗಳಿಗೆ ಬೇಸಿಗೆ ರಜೆ 6 ವಾರ, ದೇಶವನ್ನು ಮೂರು ವಲಯ ಮಾಡಿ ಹಿಂದೆಮುಂದೆ ಕೊಡುತ್ತಾರೆ. ಆಮ್ಸ್ಟರ್‌ಡ್ಯಾಮ್, ಆಮ್ಸ್ಟೆಲ್‌ವೇನ್ ಉತ್ತರ ವಲಯಕ್ಕೆ ಸೇರಿವೆ. ಖಾಸಗಿ ಶಾಲೆಗೆ ಅದರದ್ದೇ ಕ್ಯಾಲೆಂಡರ್. ಎರಡನ್ನೂ ಪಕ್ಕಪಕ್ಕ ಇಟ್ಟು ಸಮಾನ ವಾರಗಳನ್ನು ಗುರುತಿಸಿ, ಟಿಕೆಟ್ ಆಮೇಲೆ.

5 ತುಂಬಿದ ಮಗುವಿಗೆ ಶಾಲೆ ಕಡ್ಡಾಯ. ಟಿಕೆಟ್ ಅಗ್ಗ ಅಂತ ರಜೆಗೆ ಎರಡು ದಿನ ಮೊದಲು ಹೊರಟರೂ ಅನಧಿಕೃತ ಗೈರುಹಾಜರಿ, ನಗರಸಭೆಯ ಹಾಜರಾತಿ ಅಧಿಕಾರಿಗೆ ವರದಿ ಹೋಗುತ್ತೆ, ದಂಡ ಬೀಳುತ್ತೆ. ಹತ್ತಿರದ ಸಂಬಂಧಿಕರ ಮದುವೆಗೆ, ತೀರಿಕೊಂಡರೆ, ಅನುಮತಿ ಸಿಗುತ್ತೆ. ಮುಖ್ಯೋಪಾಧ್ಯಾಯರಿಗೆ ಮುಂಚೆ ಅರ್ಜಿ ಕೊಡಬೇಕು, ಲಗ್ನಪತ್ರಿಕೆ ಲಗತ್ತಿಸಿ. ಗೃಹಪ್ರವೇಶಕ್ಕೆ ಸಿಗುತ್ತೆ ಅಂತ ನಂಬಿ ಕೂರಬೇಡಿ, ಮುಹೂರ್ತವನ್ನೇ ರಜೆಯೊಳಗೆ ಇಡಿಸಿ.