ಸಹಾಯ ಬೇಕು: ಮಳೆ ಹಿಡಿದ ಮೇಲೆ ಮಾಸ್ ವಾಲ್ ಸೋರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಗಳೂರಿನಲ್ಲಿ. ಹಾಲ್ ಗೋಡೆಗೆ ನಾಲ್ಕಡಿ ಅಗಲದ ಮಾಸ್ ವಾಲ್, ಅಂದರೆ ಫ್ರೇಮ್‌ನಲ್ಲಿ ಪಾಚಿ ಕೂರಿಸಿದ ಅಲಂಕಾರ, ಹಾಕಿಸಿ ಎಂಟು ತಿಂಗಳಾಯ್ತು. ಜೀವಂತ ಪಾಚಿ ಅಲ್ಲ, ಗ್ಲಿಸರಿನ್‌ನಲ್ಲಿ ಅದ್ದಿ ಬಣ್ಣ ಕೊಟ್ಟದ್ದು. ಅದಕ್ಕೆ ನೀರು, ಗೊಬ್ಬರ, ಬಿಸಿಲು ಯಾವುದೂ ಬೇಡ. ಬೇಸಿಗೆಯಲ್ಲಿ ಎಸಿ ಹಾಕಿದಾಗ ಗರಿಗರಿ ಆಗುತ್ತಿತ್ತು, ಆರಿಸಿದ ಮೇಲೆ ಮತ್ತೆ ಮೆತ್ತಗಾಗುತ್ತಿತ್ತು.

ಈಗ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟು, ಬೆರಳೆಲ್ಲ ಹಸಿರು. ಕೆಳಗಿನ ಅಂಚಿನಿಂದ ಬಿಳಿ ಗೋಡೆ ಮೇಲೆ ಗೇಣುದ್ದದ ಎರಡು ಗೆರೆ ಇಳಿದಿವೆ. ತೇವ ಅಳೆಯುವ ಸಣ್ಣ ಮೀಟರ್ ತಂದಿಟ್ಟೆ. ಶೇ 40ರಿಂದ 60 ಇರಬೇಕಾದ ಕಡೆ ಬೆಳಿಗ್ಗೆ 88 ತೋರಿಸುತ್ತದೆ! ಗ್ಲಿಸರಿನ್ ಗಾಳಿಯ ತೇವ ಹೀರುತ್ತದೆ ಅಲ್ವಾ, ಅದೇ ಜಾಸ್ತಿಯಾಗಿ ಬಣ್ಣದ ಜೊತೆ ಸೋರುತ್ತಿದೆ ಅನ್ನಿಸುತ್ತದೆ. ಹಾಕಿಕೊಟ್ಟವರು ಫೋನ್ ಎತ್ತುತ್ತಿಲ್ಲ.

ಕರಾವಳಿಯಲ್ಲಿ ಇದನ್ನು ಇಟ್ಟುಕೊಂಡವರು ಹೇಳಿ: ಎಸಿಯ ಡ್ರೈ ಮೋಡ್ ದಿನಕ್ಕೆ ಎಷ್ಟು ಹೊತ್ತು ಹಾಕುತ್ತೀರಿ? ಅಥವಾ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ತರಲೇಬೇಕಾ? ಫ್ರೇಮ್ ಇಳಿಸಿ, ಮಲಗಿಸಿ, ಫ್ಯಾನ್ ಕೆಳಗೆ ಇಡಬಹುದಾ? ಹೇರ್ ಡ್ರೈಯರ್ ಹಿಡಿಯಲು ಧೈರ್ಯ ಸಾಲದು, ಪುಡಿಯಾದರೆ ಏನು ಮಾಡುವುದು?

ಅಮ್ಮ ಆಗುಂಬೆ ಕಡೆಯವರು. ತವರಿನ ಪಾಗಾರದ ಪಾಚಿ ನೆನಪಾಗುತ್ತದೆ ಅಂತ ದಿನಾ ಇದರ ಎದುರೇ ಕೂತು ಕಾಫಿ ಕುಡಿಯುತ್ತಾರೆ. ಹೇಗಾದರೂ ಉಳಿಸಿಕೊಳ್ಳಬೇಕು. ಗೋಡೆಯ ಕಲೆ ತೆಗೆಯುವ ದಾರಿ ಗೊತ್ತಿದ್ದರೆ ಅದನ್ನೂ ತಿಳಿಸಿ.